ಶೇಷ ಹತ್ತು

ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗ, 10631 ಅವಿಭಾಜ್ಯ ಸಂಖ್ಯೆ ಎಂಬುದು ಸೊಸೆಗೆ ಖಚಿತವಾಯಿತು. ಅದೇ ಸಂಖ್ಯೆಯನ್ನು ಭಾಗಿಸಿ, ಆ ಲೆಕ್ಕದ ಮೇಲೆ ಕೊರೆದ ಮೂರು ಹಿತ್ತಾಳೆ ಚಕ್ರಗಳು ಎಣ್ಣೆ ಒರೆಸಿಕೊಂಡು ಅವಳ ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿದ್ದವು.

ಆ ಮನೆಯವರದು ಗೋಪುರದ ಗಡಿಯಾರಗಳ ಕೆಲಸ. ಕೆಳಗೆ ಕಾರ್ಖಾನೆ, ಮೇಲೆ ಮನೆ. ಮಾವ ಚಕ್ರಕ್ಕೆ ಹಲ್ಲು ಕೊರೆಯುವವರು. ಗಂಡ ಗೋಪುರ ಹತ್ತಿ ಜೋಡಿಸುವವನು. ಸೊಸೆ ಮದುವೆಗೆ ಮುಂಚೆ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ಈಗ ಯಾವ ಚಕ್ರಕ್ಕೆ ಎಷ್ಟು ಅಗಲ, ಯಾವುದು ಯಾವುದಕ್ಕೆ ಕಚ್ಚಬೇಕು ಎಂಬ ಲೆಕ್ಕ ಅವಳದು. ಇವರಲ್ಲದೆ ಲೇತ್ ಮೇಲೆ ಒಬ್ಬನಿದ್ದ. ಎಲ್ಲದಕ್ಕೂ ಗೊಣಗುತ್ತಿದ್ದುದರಿಂದ ಅವನಿಗೆ ಗೊಣಗ ಎಂದೇ ಹೆಸರು ಬಿದ್ದಿತ್ತು. ಅದಕ್ಕೂ ಅವನು ಗೊಣಗುತ್ತಿದ್ದ.

ಈ ಸಲ ಒಪ್ಪಿಕೊಂಡಿದ್ದು ಪುರಸಭೆಯ ಗೋಪುರಕ್ಕೆ, ಹುಣ್ಣಿಮೆಯಿಂದ ಹುಣ್ಣಿಮೆಗೆ ಒಂದು ಸುತ್ತು ಬರುವ ಚಂದ್ರನ ಮುಳ್ಳು ಕೂರಿಸುವ ಕೆಲಸ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸರಾಸರಿ ಇಪ್ಪತ್ತೊಂಬತ್ತು ದಿನ, ಹನ್ನೆರಡು ಗಂಟೆ, ನಲವತ್ತನಾಲ್ಕು ನಿಮಿಷ, ಮೇಲೆ ಸುಮಾರು ಮೂರು ಸೆಕೆಂಡು. ಸೆಕೆಂಡು ಬಿಟ್ಟು ಎಲ್ಲವನ್ನೂ ನಿಮಿಷಕ್ಕೆ ಇಳಿಸಿದರೆ 42524. ಚಕ್ರಕ್ಕೆ ಅರ್ಧ ಹಲ್ಲು, ಕಾಲು ಹಲ್ಲು ಇರುವುದಿಲ್ಲ. ಆದ್ದರಿಂದ ಇಂಥ ದೊಡ್ಡ ಸಂಖ್ಯೆ ಸಣ್ಣ ಸಣ್ಣ ಪೂರ್ಣಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬೇಕು. ಒಡೆದ ಒಂದೊಂದು ತುಂಡಿಗೆ ಒಂದೊಂದು ಚಕ್ರ. 42524 ನಾಲ್ಕರಿಂದ ಭಾಗವಾಗುತ್ತದೆ. ಆಮೇಲೆ 10631ಕ್ಕೆ ಬಂದು ಕೂತುಬಿಡುತ್ತದೆ. ಅದು ಒಡೆಯದಿದ್ದರೆ ಅಷ್ಟೂ ಹಲ್ಲುಗಳನ್ನು ಒಂದೇ ಚಕ್ರಕ್ಕೆ ಕೊರೆಯಬೇಕು. ಅಂಥ ಚಕ್ರ ಆ ಗೋಪುರದೊಳಗೆ ಹಿಡಿಸುವುದಿಲ್ಲ.

ಒಡೆಯದ ಸಂಖ್ಯೆಗೆ ಕಾರ್ಖಾನೆಯಲ್ಲಿ ಕಬ್ಬಿಣದ ಕಡಲೆ ಎನ್ನುತ್ತಿದ್ದರು. ಸುಲಭವಾಗಿ ಪುಡಿಯಾಗುವುದಕ್ಕೆ ಹುರಿಗಡಲೆ. 42524ರ ಪಕ್ಕದ ಮನೆಯ 42525 ಅಪ್ಪಟ ಹುರಿಗಡಲೆ: ಐದು ಮೂರುಗಳು, ಎರಡು ಐದುಗಳು, ಒಂದು ಏಳು, ಇವನ್ನು ಗುಣಿಸಿದರೆ ಅದು ಬರುತ್ತದೆ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಮೂವತ್ತಾರು. 42524ನ್ನು ಭಾಗಿಸುವವು ಆರೇ ಆರು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ 42525 ತನಗಿಂತ ದೊಡ್ಡದಾಗುತ್ತದೆ. ಅದು ಸಮೃದ್ಧ ಸಂಖ್ಯೆ. 42524 ತನ್ನ ಅಳತೆಗೂ ಮುಟ್ಟುವುದಿಲ್ಲ. ಅದು ಕೊರತೆಯ ಸಂಖ್ಯೆ. ನಡುವೆ ಇರುವುದು ಒಂದು ನಿಮಿಷ. ಈ ಕಸುಬಿನವರು ಎಷ್ಟೋ ಕಾಲದಿಂದ ಪಕ್ಕದ ಮನೆಯ ಸಂಖ್ಯೆಯನ್ನೇ ಬಳಸಿಕೊಂಡು ಬಂದಿದ್ದಾರೆ. ಮುಳ್ಳು ಒಂದು ದಿನ ತಪ್ಪಲು ನೂರಿಪ್ಪತ್ತು ವರ್ಷ ಬೇಕು. ತಕರಾರು ಹೇಳಲು ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಮಾವ ಮಾತ್ರ ಪುರಸಭೆಯ ಎಂಜಿನಿಯರ್ ಮುಂದೆ ಎದೆ ತಟ್ಟಿಕೊಂಡಿದ್ದರು. "ಪಕ್ಕದ ಮನೆಯಿಂದ ಕಡ ತರೋದು ನಮ್ಮ ಅಭ್ಯಾಸ ಅಲ್ಲ. ಚಂದ್ರನ ಸಂಖ್ಯೆ ಯಾವುದೋ ಅದನ್ನೇ ಒಡೀತೀನಿ."

ಸೊಸೆ ಅವರಿಗೆ 10631 ಎಂದು ಬಾಯಲ್ಲೇ ಹೇಳಿ ಕೊಟ್ಟಳು. ವಾರ ಕಳೆದು, ಬೆಳಗಿನ ಕಾಫಿ ಹೊತ್ತಿಗೆ, "ಒಡೀತು" ಎಂದರು. "ಹದಿಮೂರು, ಹತ್ತೊಂಬತ್ತು, ನಲವತ್ಮೂರು. ಮೂರು ಏಟಿಗೆ ಪುಡಿ."

ಯಾರೂ ತಾಳೆ ನೋಡಲಿಲ್ಲ. ಆ ಮನೆಯಲ್ಲಿ ತಾಳೆ ನೋಡುವವರೇ ಮಾವ. ಸೊಸೆ ಮೊದಲ ಸಲ ಆ ಮನೆಗೆ ಬಂದಾಗ ಅವಳ ಫೋನ್ ನಂಬರ್ ಕೇಳಿ, ಕ್ಷಣ ಕಣ್ಣು ಮುಚ್ಚಿ, "ಹದಿನೇಳರಿಂದ ಹೋಗುತ್ತೆ, ಒಳ್ಳೆ ನಂಬರು" ಎಂದಿದ್ದರು. ಮನೆಗೆ ಹೋಗಿ ಭಾಗಿಸಿ ನೋಡಿದ್ದಳು. ಹೋಗಿತ್ತು. ಅಂಥವರು ಹೇಳಿದ ಮೇಲೆ ಅವಳು ಆ ಮೂರನ್ನು ನಾಲ್ಕು, ಮೂರು, ಎರಡರಿಂದ ಗುಣಿಸಿ ಐವತ್ತೆರಡು, ಐವತ್ತೇಳು, ಎಂಬತ್ತಾರು ಹಲ್ಲಿನ ಮೂರು ಚಕ್ರಗಳ ನಕ್ಷೆ ಬರೆದುಕೊಟ್ಟಳು. ಅವರು ಕೊರೆದರು.

ಆ ದಿನ ಬೆಳಿಗ್ಗೆ ಅವಳು ಚಕ್ರಗಳನ್ನು ಕಟ್ಟಿ ಕಳಿಸುವ ಮುಂಚೆ, ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುವ ಹಾಗೆ, ಸುಮ್ಮನೆ ಗುಣಿಸಿದಳು. ಹದಿಮೂರು ಹತ್ತೊಂಬತ್ತಲ 247. ಅದನ್ನು ನಲವತ್ತಮೂರರಿಂದ ಗುಣಿಸಿದರೆ 10621. ಹತ್ತು ಕಡಿಮೆ. ಇನ್ನೊಂದು ಸಲ ಗುಣಿಸಿದಳು. ಕ್ಯಾಲ್ಕುಲೇಟರ್ ತೆಗೆದಳು. ಹತ್ತು ಕಡಿಮೆಯೇ.

ಆಮೇಲೆ 10631ನ್ನು ಹಿಡಿದು ಕೂತಳು. ಕೊನೆಯಲ್ಲಿ ಒಂದು ಇದೆ. ಎರಡು, ಐದರ ಮಾತಿಲ್ಲ. ಅಂಕಿ ಕೂಡಿದರೆ ಹನ್ನೊಂದು, ಮೂರರಿಂದ ಹೋಗದು. ತಿರುಗಿಸಿ ಬರೆದರೆ 13601, ಅದು ಏಳರಿಂದ ಸಲೀಸಾಗಿ ಹೋಗುತ್ತದೆ. ಇದು ಹೋಗದು, ಐದು ಉಳಿಯುತ್ತದೆ. ಹನ್ನೊಂದರಿಂದಲೂ ಐದು. ಹದಿನೇಳರಿಂದ ಆರು. ಒಂದೊಂದೇ ಅವಿಭಾಜ್ಯ ಸಂಖ್ಯೆಯನ್ನು ಬಾಗಿಲಿಗೆ ಬೀಗದ ಕೈ ಹಾಕಿ ನೋಡಿದಂತೆ ಹಾಕಿ ನೋಡಿದಳು. ನೂರಮೂರರ ವರ್ಗ 10609, ಅದರ ಮುಂದಿನ ಅವಿಭಾಜ್ಯವಾದ ನೂರೇಳರ ವರ್ಗ ನಮ್ಮ ಸಂಖ್ಯೆಯನ್ನು ದಾಟಿಬಿಡುತ್ತದೆ. ಹಾಗಾಗಿ ನೂರಮೂರಕ್ಕೆ ನಿಲ್ಲಿಸಿದರೆ ಸಾಕು. ನೂರಮೂರರಿಂದಲೂ ಹೋಗಲಿಲ್ಲ. ಕಬ್ಬಿಣದ ಕಡಲೆ.

ಮಾವ ಹೇಳಿದ ಮೂರೂ ಸಂಖ್ಯೆಗಳು, ಹದಿಮೂರು, ಹತ್ತೊಂಬತ್ತು, ನಲವತ್ತಮೂರು, ಮೂರೂ ಕಡೆ ಉಳಿಯುವುದು ಹತ್ತು. ಅವರು ಒಡೆದದ್ದು ಈ ಸಂಖ್ಯೆಯನ್ನಲ್ಲ, ಹತ್ತು ಕಡಿಮೆ ಇರುವ ಇನ್ನೊಂದನ್ನು. ಮೂವತ್ತೊಂದರ ಜಾಗಕ್ಕೆ ಅವರ ತಲೆಯಲ್ಲಿ ಇಪ್ಪತ್ತೊಂದು ಬಂದು ಕೂತಿತ್ತು. ಈ ಚಕ್ರ ಹಾಕಿದರೆ ಚಂದ್ರನ ಮುಳ್ಳು ತಿಂಗಳಿಗೆ ನಲವತ್ತು ನಿಮಿಷ ಮುಂದೆ ಓಡುತ್ತದೆ. ಮೂರು ವರ್ಷ ತುಂಬುವುದರೊಳಗೆ ಒಂದು ದಿನ. ಹುಣ್ಣಿಮೆಯನ್ನು ಬೀದಿಯಲ್ಲಿ ನಿಂತು ನೋಡುವ ಯಾರಿಗಾದರೂ ಗೊತ್ತಾಗುತ್ತದೆ.

ಹಿತ್ತಾಳೆ ಹೋದರೆ ಹೋಗಲಿ, ಕರಗಿಸಿದರೆ ಮತ್ತೆ ಹಿತ್ತಾಳೆಯೇ. ಅವಳು ಹೆದರಿದ್ದು ಬೇರೆ ಕಾರಣಕ್ಕೆ. ಕೊರೆಯುವ ಕೋಣೆಯ ಕಿಟಕಿಯ ಒಂದು ಗಾಜಿನ ಜಾಗದಲ್ಲಿ ಈಗ ರಟ್ಟು ಇತ್ತು. ಹಲ್ಲು ಕೊರೆಯುವ ಯಂತ್ರದಲ್ಲಿ ಒಂದು ಕ್ರಮವಿದೆ: ಒಂದು ಹಲ್ಲು ಮುಗಿದ ಮೇಲೆ ತಿರುಗುವ ಕಟರನ್ನು ಮೇಲೆತ್ತಬೇಕು, ಆಮೇಲೆ ತೂತುಗಳಿರುವ ತಟ್ಟೆಯ ಮೊಳೆ ಕಿತ್ತು ಒಂದು ತೂತು ಮುಂದೆ ಸರಿಸಬೇಕು, ಆಮೇಲೆ ಕಟರ್ ಇಳಿಸಬೇಕು. ಒಂದು ದಿನ ಮಾವ ಕಟರ್ ಎತ್ತದೆಯೇ ತಟ್ಟೆ ಸರಿಸಿದರು. ಹಿತ್ತಾಳೆ ಚೂರು ಅವರ ಕಿವಿಯ ಪಕ್ಕ ಹಾದು ಗಾಜು ಒಡೆದು ಹೊರಗೆ ಬಿತ್ತು. ಅಂದು ಗಂಡ ಎಲ್ಲರ ಎದುರಿಗೇ ಹೇಳಿದ್ದ: "ಅಪ್ಪಾ, ಇದೇ ಕೊನೆ. ಇನ್ನೊಂದು ತಪ್ಪಾದ್ರೆ ಯಂತ್ರದ ಬೆಲ್ಟ್ ಬಿಚ್ಚಿ ಬೀರುಲಿ ಇಡ್ತೀನಿ. ಆಮೇಲೆ ನೀವು ಈ ರೂಮಿಗೆ ಬರೋ ಹಾಗಿಲ್ಲ."

ಕಿಟಕಿಯ ಗಾಜಿಗೆ ಕೈ ಜಾರಿತು ಎಂಬ ಸಮಾಧಾನವಿತ್ತು. ಈ ಸಂಖ್ಯೆಗೆ ಅದೂ ಇರಲಿಲ್ಲ.

ಅವಳು ಕೊರೆಯುವ ಕೋಣೆಗೆ ಹೋದಳು. ಮಾವ ಏಪ್ರನ್ ಕಟ್ಟಿಕೊಂಡು ಕಟರಿಗೆ ಸಾಣೆ ಹಿಡಿಯುತ್ತಿದ್ದರು.

"ಮಾವ, ಒಂದು ಲೆಕ್ಕ ಕೇಳ್ಲಾ?"

"ಒಂದೇನು, ಎರಡು ಕೇಳು. ಸೊಸೆಗೆ ಅಂತ ರಿಯಾಯಿತಿ."

"ಹತ್ತು ಸಾವಿರದ ಆರುನೂರ ಮೂವತ್ತೊಂದು. ಹದಿಮೂರರಿಂದ."

ಅವರು ಕಣ್ಣು ಮುಚ್ಚಿದರು. ತುಟಿ ಅಲ್ಲಾಡಲಿಲ್ಲ, ಅವರು ಲೆಕ್ಕ ಮಾಡುವಾಗ ಹುಬ್ಬು ಮಾತ್ರ ಅಲ್ಲಾಡುತ್ತಿತ್ತು. "ಎಂಟುನೂರ ಹದಿನೇಳು" ಎಂದರು. ಹುಬ್ಬು ನಿಂತಿತು. "ಹತ್ತು ಉಳೀತು."

"ಹತ್ತೊಂಬತ್ತರಿಂದ?"

"ಐನೂರ ಐವತ್ತೊಂಬತ್ತು." ಹುಬ್ಬು ಮತ್ತೆ ನಿಂತಿತು. "ಹತ್ತು."

ಮೂರನೆಯದನ್ನು ಅವರೇ ಮಾಡಿಕೊಂಡರು. "ನಲವತ್ಮೂರರಿಂದ ಇನ್ನೂರ ನಲವತ್ತೇಳು. ಅಲ್ಲೂ ಹತ್ತು." ಕಣ್ಣು ಬಿಟ್ಟರು. "ಹಂಗಾದ್ರೆ ನಾನು ಒಡೆದಿದ್ದು ಇಪ್ಪತ್ತೊಂದನ್ನ."

"ಹೂಂ ಮಾವ."

"ಮೂವತ್ತೊಂದು ಒಡೆಯಲ್ಲ?"

"ನೂರಮೂರರ ತನಕ ನೋಡ್ದೆ. ಕಬ್ಬಿಣದ ಕಡಲೆ."

ಅವರು ಸಾಣೆಕಲ್ಲನ್ನು ಕೆಳಗಿಟ್ಟು ಕೈ ಒರೆಸಿಕೊಂಡರು, ಬೆರಳು ಬೆರಳೂ ಬಿಡಿಸಿ. ಬಾಗಿಲ ಕಡೆ ನೋಡಿದರು. ಹೊರಗೆ ಲೇತ್ ಸದ್ದು ಮಾಡುತ್ತಿತ್ತು.

"ಅವನಿಗೆ ಗೊತ್ತಾ?"

"ಇಲ್ಲ. ಗೋಪುರದ ಹತ್ರ ಹೋಗಿದ್ದಾರೆ. ಊಟಕ್ಕೆ ಬರ್ತಾರೆ."

"ಸಂಖ್ಯೆ ನೀನೇ ತಪ್ಪಾಗಿ ಕೊಟ್ಟೆ ಅಂತ ಹೇಳು."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ.

"ಮೂರರ ಜಾಗದಲ್ಲಿ ಎರಡು ಬರೆದುಕೊಟ್ಟೆ, ಮಾವ ಅದನ್ನೇ ಒಡೆದ್ರು ಅಂತ ಹೇಳು. ಇಪ್ಪತ್ತೊಂದು ಒಡೆಯುತ್ತೆ ತಾನೆ? ನನ್ನ ಲೆಕ್ಕ ಸರಿಯಾಗೇ ಇರುತ್ತೆ."

"ಮಾವ, ನನ್ನ ತಲೆ ಮೇಲೆ ಗೂಬೆ ಕೂರಿಸ್ತೀರಾ?"

"ನಿನ್ನ ತಲೆ ಮೇಲೆ ಕೂತ್ರೆ ಅದು ಎರಡು ದಿನ ಕೂತು ಹಾರಿ ಹೋಗುತ್ತೆ ತಾಯಿ. ನನ್ನ ಮೇಲೆ ಕೂತ್ರೆ ಗೂಡು ಕಟ್ಟುತ್ತೆ." ಅವರ ದನಿ ಇಳಿದಿತ್ತು. "ನಿನ್ನ ತಪ್ಪಿಗೆ ಯಾರೂ ಬೆಲ್ಟ್ ಬಿಚ್ಚಲ್ಲ. ಈ ರೂಮಿಂದ ಹೊರಗೆ ಹಾಕಿದ್ರೆ ನಾನೇನು ಮಾಡ್ಲಿ ಹೇಳು. ಮೇಲೆ ಕೂತು ಟಿ.ವಿ. ನೋಡ್ಲಾ? ನಿಮ್ಮತ್ತೆ ಜೊತೆ ಕೂತು ಸೊಪ್ಪು ಸೋಸ್ಲಾ?"

ಅವಳು ಆಗಲಿ ಎನ್ನಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅವರು ಸಾಣೆಕಲ್ಲು ಮತ್ತೆ ಎತ್ತಿಕೊಂಡರು. ಕೈ ನಡುಗುತ್ತಿರಲಿಲ್ಲ. ಕೈಯಲ್ಲಿ ಎಂದೂ ಏನೂ ತೊಂದರೆ ಇರಲಿಲ್ಲ.

ಗಂಡ ಗೋಪುರದ ದೂಳು ಮೆತ್ತಿಕೊಂಡು ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಮಾವ ಎದುರಿಗೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಸೊಸೆ ಎರಡು ಸಲ ನೀರು ತರುವ ನೆಪದಲ್ಲಿ ಎದ್ದು ಹೋಗಿ ಬಂದಳು. ಮೂರನೆಯ ಸಲ ಎದ್ದಾಗ ಅತ್ತೆ, "ಕುಂಡೆಗೆ ಮುಳ್ಳು ಚುಚ್ಚಿದೆಯೇನೆ? ಕೂತ್ಕೊ" ಎಂದರು. ಕೂತು ಹೇಳಿಬಿಟ್ಟಳು. ಮೂರರ ಜಾಗದಲ್ಲಿ ಎರಡು ಬರೆದೆ, ಮಾವ ಒಡೆದದ್ದು ಆ ಸಂಖ್ಯೆಯನ್ನು, ಮೂರೂ ಚಕ್ರ ದಂಡ.

ಗಂಡನ ಕೈ ತಟ್ಟೆಯಲ್ಲೇ ನಿಂತಿತು. "ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಂಗೆ? ಮಕ್ಕಳಿಗೆ ಪಾಠ ಹೇಳ್ತಿದ್ದೋಳು!"

"ಕೈ ತಪ್ಪಿತು."

"ಕೈ ತಪ್ಪಿತು ಅಂತೆ. ಪುಣ್ಯಕ್ಕೆ ಅಪ್ಪನ ಮೇಲೆ ಅನುಮಾನ ಪಡೋ ಮುಂಚೆ ಹೇಳಿದೆ."

"ಬೈಬೇಡ ಬಿಡೋ" ಎಂದರು ಮಾವ, ತಲೆ ಎತ್ತದೆ. "ಎಡವೋದು ನಡೆಯೋ ಕಾಲೇ."

ಅತ್ತೆ ಮಾವನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಹಾಕಿದರು.

ಊಟ ಮುಗಿಯುವುದರೊಳಗೆ ಪಕ್ಕದ ಮನೆಯ ಸಂಖ್ಯೆಯನ್ನೇ ತರುವುದೆಂದು ತೀರ್ಮಾನವಾಯಿತು. 42525. ಅರವತ್ತಮೂರು ಹಲ್ಲಿನದೊಂದು, ಅರವತ್ತು ಹಲ್ಲಿನದೊಂದು, ಎರಡು ದೊಡ್ಡ ಚಕ್ರ. ಅವಕ್ಕೆ ಕಚ್ಚುವ ಎಂಟು ಹಲ್ಲಿನ, ಹದಿನಾರು ಹಲ್ಲಿನ ಚಿಕ್ಕವು ಎರಡು. ದೊಡ್ಡವೆರಡರ ಗುಣಲಬ್ಧವನ್ನು ಚಿಕ್ಕವೆರಡರ ಗುಣಲಬ್ಧದಿಂದ ಭಾಗಿಸಿದರೆ ಬರುವ ದಿನಗಳು ಸರಿಯಾಗಿ 42525 ನಿಮಿಷ. ಸಾಲದ್ದಕ್ಕೆ ಗಂಡ ಒಂದು ಮಾತು ಸೇರಿಸಿದ. ಇನ್ನು ಮೇಲೆ ಅವಳು ಬರೆದ ಅಂಕಿಯನ್ನು ತಾನು ನೋಡದೆ ಯಾವುದೂ ಕೆಳಗೆ ಹೋಗಕೂಡದು.

ಮರುದಿನ ಗೊಣಗ ಲೇತ್ ನಿಲ್ಲಿಸಿ ಅವಳ ಮೇಜಿನ ಹತ್ತಿರ ಬಂದ. "ಅಕ್ಕಾ, ಎಂಟು ಅಂತ ಬರೆದಿದ್ದೀರಲ್ಲ, ಇದು ಎಂಟೇ ತಾನೆ? ಒಂಬತ್ತು ಏನಾದ್ರೂ ವೇಷ ಹಾಕ್ಕೊಂಡು ಬಂದಿಲ್ವಲ್ಲ?"

"ಹೋಗೋ, ಕೆಲಸ ನೋಡು."

"ಕೆಲಸಾನೇ ಅಕ್ಕಾ ನೋಡ್ತಿರೋದು. ನಮ್ಮ ಮನೇಲಿ ಹೆಂಡತಿ ಬರೆದ ಸಾಮಾನು ಚೀಟಿ ನಾನು ಹಿಂಗೇ ಪರೀಕ್ಷೆ ಮಾಡ್ತೀನಿ."

ಮಾವನೂ ನಕ್ಕರು. ಎಂಜಿನಿಯರ್‌ಗೆ ಫೋನಿನಲ್ಲಿ, "ನಮ್ಮ ಸೊಸೆ ಒಂದು ಅಂಕಿ ತಪ್ಪು ಕೊಟ್ಲು, ಚಿಕ್ಕೋಳು, ಹೋಗ್ಲಿ ಬಿಡಿ" ಎಂದು ಹೇಳುವುದು ಕೇಳಿಸಿತು. ಎಷ್ಟು ಚೆನ್ನಾಗಿ ನಾಟಕ ಆಡುತ್ತಾರೆ ಎಂದುಕೊಂಡಳು. ಸಿಟ್ಟೂ ಬಂತು, ಒಳಗೊಳಗೆ ಮೆಚ್ಚುಗೆಯೂ ಆಯಿತು.

ಕೆಲವು ದಿನ ಕಳೆದು, ಸಂಜೆ ಕಾರ್ಖಾನೆ ಮುಚ್ಚುವ ಹೊತ್ತಿನಲ್ಲಿ ಇಬ್ಬರೇ ಇದ್ದರು. ಗೊಣಗ ಹೊರಟುಹೋಗಿದ್ದ, ಗಂಡ ಇನ್ನೂ ಬಂದಿರಲಿಲ್ಲ. ಅವಳು ಬಾಗಿಲಿಗೆ ಅಗುಳಿ ಹಾಕುತ್ತಿದ್ದಾಗ ಮಾವ ಮೆಲ್ಲಗೆ ಕರೆದರು.

"ಬೇಜಾರು ಮಾಡ್ಕೋಬೇಡಮ್ಮಾ. ನೀನು ಇಪ್ಪತ್ತೊಂದು ಅಂತ ಕೊಟ್ಟಾಗಲೇ ನಂಗೆ ಅನುಮಾನ ಬಂದಿತ್ತು. ಇಷ್ಟು ಸಲೀಸಾಗಿ ಒಡೆಯೋ ಸಂಖ್ಯೇನ ಇಷ್ಟು ವರ್ಷ ಯಾರೂ ಯಾಕೆ ಬಿಟ್ಟರು ಅಂತ. ಕೇಳ್ಬೇಕಿತ್ತು ನಾನು. ನಂದೂ ಸ್ವಲ್ಪ ತಪ್ಪಿದೆ."

ಅವಳು ತಿರುಗಿ ಅವರ ಮುಖ ನೋಡಿದಳು. ಕಣ್ಣಿನ ತುದಿಯಲ್ಲಿ ನಗು ಹುಡುಕಿದಳು. ಇರಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದರು, ಕ್ಷಮಿಸಿದವರು ತಟ್ಟುವ ಹಾಗೆ.

"ಮಾವ, ಆವತ್ತು ರೂಮಲ್ಲಿ ನಾವಿಬ್ಬರೂ ಮಾತಾಡಿದ್ದು..."

"ಯಾವತ್ತು?"

"ನೀವು ಸಾಣೆ ಹಿಡೀತಿದ್ರಲ್ಲ."

"ನಾನು ದಿನಾ ಸಾಣೆ ಹಿಡೀತೀನಿ" ಎಂದರು, ತಮಾಷೆಗೆ.

ಅಂದು ಅವಳು ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ನಿಂತಳು. ಅತ್ತೆಯೇ ಮಾತು ತೆಗೆದರು. "ಎರಡು ಮೂರು ಅಂತ ಏನೋ ಹೇಳಿದ್ಯಲ್ಲ, ಸುಳ್ಳು ತಾನೆ?"

"ನಿಮಗೆ ಹೆಂಗೆ ಗೊತ್ತು?"

"ನಿನ್ನ ಅಕ್ಷರ ನಂಗೆ ಗೊತ್ತಿಲ್ವಾ? ಅಕ್ಕಿ ಡಬ್ಬದ ಮೇಲೆ ಚೀಟಿ ಅಂಟಿಸಿದ್ರೂ ಮುತ್ತು ಪೋಣಿಸಿದ ಹಾಗೆ ಬರೀತೀಯ." ಒಲೆ ಸಣ್ಣ ಮಾಡಿದರು. "ಬೆಳಿಗ್ಗೆ ಅವರ ತಲೆ ಕತ್ತರಿ ಇದ್ದ ಹಾಗೆ ಇರುತ್ತೆ. ಮಧ್ಯಾಹ್ನ ಮೂರು ದಾಟಿದ್ರೆ ಮಬ್ಬು. ನಾನೇ ಎಷ್ಟು ದಿನದಿಂದ ಚಪ್ಪಲಿ ಹುಡುಕಿ ಕಾಲ ಹತ್ರ ಇಡ್ತಿದ್ದೀನಿ, ಕೇಳಿದ್ದನ್ನೇ ಕೇಳಿದ್ರೆ ಮೊದಲ್ನೇ ಸಲ ಕೇಳಿದ ಹಾಗೆ ಉತ್ತರ ಹೇಳ್ತಿದ್ದೀನಿ. ಇನ್ನೇನು ಮಾಡ್ಲಿ? ಆ ಯಂತ್ರ ಬಿಡಿಸಿದ್ರೆ ಮನುಷ್ಯ ಉಳಿಯಲ್ಲ ಕಣೆ."

"ಯಂತ್ರ ಬಿಡಿಸದೇ ಇದ್ರೆ, ಅತ್ತೆ?"

ಅತ್ತೆ ಪಾತ್ರೆಯ ಮುಚ್ಚಳ ತೆಗೆದು, ನೋಡಿ, ಮತ್ತೆ ಮುಚ್ಚಿದರು.

ಅರವತ್ತಮೂರರ ಚಕ್ರ ಕೊರೆಯುವ ದಿನ ಸೊಸೆ ಬೆಳಗಿನಿಂದಲೇ ಕೊರೆಯುವ ಕೋಣೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಮಾವ ಸರಿಯಾದ ತೂತುಸಾಲನ್ನೇ ಆರಿಸಿಕೊಂಡರು, ಕಟರ್ ಕೂರಿಸಿದರು, ಎಣ್ಣೆ ಬಿಟ್ಟರು. ಎತ್ತು, ಸರಿಸು, ಇಳಿಸು. ಹಲ್ಲು ಒಂದರ ಹಿಂದೊಂದು ಬೆಣ್ಣೆ ಕೊಯ್ದಂತೆ ಬಂದವು. ಇನ್ನೂ ಸಾಕಷ್ಟು ಹಲ್ಲು ಬಾಕಿ ಇರುವಾಗ ಊಟದ ಹೊತ್ತಾಯಿತು. ಉಳಿದದ್ದನ್ನು ನಾಳೆ ಬೆಳಿಗ್ಗೆ ಮಾಡೋಣ ಎಂದಳು. ಅವರಿಗೆ ಅದು ಹಿಡಿಸಲಿಲ್ಲ. "ಅರ್ಧ ಬೋಳಿಸಿದ ತಲೆ ಬಿಟ್ಟು ಕ್ಷೌರಿಕ ಮನೆಗೆ ಹೋಗ್ತಾನಾ?"

ಮೂರೂಕಾಲರ ಸುಮಾರಿಗೆ ಅವರು ಕಟರ್ ಎತ್ತಲಿಲ್ಲ. ಮೊಳೆ ಕಿತ್ತರು, ತಟ್ಟೆಗೆ ಕೈ ಹಾಕಿದರು. ಕಿರ್ರೆಂದು ಒಂದು ಸದ್ದು. ಅವಳು ಎದ್ದದ್ದೂ ಕೆಂಪು ಗುಂಡಿ ಒತ್ತಿದ್ದೂ ಒಟ್ಟಿಗೇ ಆಯಿತು. ಯಂತ್ರ ನಿಂತಾಗ ಚಕ್ರದ ಅಂಚು ಹರಿದು ಹೊರಳಿತ್ತು. ಮಾವನ ಬಲತೋಳಿನ ಗುಂಡಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಅಂಗಿ ನೀಟಾಗಿ ಸೀಳಿತ್ತು. ಒಳಗೆ ಚರ್ಮ ಹಾಗೇ ಇತ್ತು.

"ಯಾಕೆ ಆರಿಸಿದೆ?" ಅವರು ಕೂಗಿದರು. "ಕೊರೀತಾ ಇರೋವಾಗ ಆರಿಸ್ತಾರಾ ಯಾರಾದ್ರೂ? ನೋಡು, ಚಕ್ರ ಹಾಳಾಯ್ತು!"

ಸದ್ದಿಗೆ ಗಂಡ ಬಂದ. ಹಿಂದೆಯೇ ಗೊಣಗ ಬಾಗಿಲಲ್ಲಿ ನಿಂತ. ಅತ್ತೆ ಮೆಟ್ಟಿಲಿಳಿಯುವ ಸದ್ದು ಕೇಳಿತು.

"ಏನಾಯ್ತು?"

"ನಿನ್ನ ಹೆಂಡ್ತೀನ ಕೇಳು. ಆವತ್ತು ಸಂಖ್ಯೆ ತಪ್ಪು ಕೊಟ್ಲು, ಇವತ್ತು ಸ್ವಿಚ್ಚು ಆರಿಸಿದ್ಲು."

ಗಂಡ ಅವಳ ಕಡೆ ತಿರುಗಿದ. ಅವಳು ಮಾವನ ತೋಳನ್ನು ತೋರಿಸಿದಳು. ಅವನು ಹರಿದ ಅಂಗಿ ನೋಡಿದ, ಯಂತ್ರ ನೋಡಿದ.

"ರೀ, ಆವತ್ತು ನಾನು ಹೇಳಿದ್ದು ಸುಳ್ಳು. ನಾನು ಕೊಟ್ಟಿದ್ದು ಮೂವತ್ತೊಂದೇ. ಇಪ್ಪತ್ತೊಂದು ಮಾಡ್ಕೊಂಡಿದ್ದು ಮಾವ. ನನ್ನ ಮೇಲೆ ಹಾಕ್ಕೊ ಅಂದ್ರು, ಹಾಕ್ಕೊಂಡೆ."

ಮಾವನ ಮುಖ ಕೆಂಪಾಯಿತು. ಅದು ಸಿಕ್ಕಿಬಿದ್ದವರ ಮುಖವಲ್ಲ. ಸುಳ್ಳು ಆಪಾದನೆ ಹೊತ್ತವರ ಮುಖ.

"ಏನಂದೆ? ಎದೆ ಮುಟ್ಕೊಂಡು ಹೇಳು. ನಾನು ಹಂಗಂದ್ನಾ? ನಾನು? ನಿನ್ನನ್ನ ಮಗಳು ಅಂತ ನೋಡ್ಕೊಂಡು ಬಂದ ನಾನು? ನಿನ್ನ ತಪ್ಪು ಮುಚ್ಚಿಟ್ಟು ಊರೆಲ್ಲ ಚಿಕ್ಕೋಳು ಬಿಡಿ ಅಂತ ಹೇಳಿದೋನು ನಾನು!"

"ಯಾವುದು ನಿಜ?" ಗಂಡ ಅವಳನ್ನೇ ಕೇಳಿದ. "ಆವತ್ತು ಊಟಕ್ಕೆ ಕೂತು ಹೇಳಿದ್ದಾ, ಇವತ್ತು ಹೇಳ್ತಿರೋದಾ? ಎರಡೂ ನೀನೇ ಹೇಳಿದ್ದು."

10631 ಅವಿಭಾಜ್ಯ ಎಂದು ಅವಳು ಯಾರ ಮುಂದೆ ಬೇಕಾದರೂ ಸಾಧಿಸಬಲ್ಲಳು. ಹತ್ತನ್ನು ಕಳೆದವರು ಯಾರು ಎಂದು ಆ ಸಂಖ್ಯೆ ಹೇಳುವುದಿಲ್ಲ. ಅತ್ತೆಯ ಕಡೆ ನೋಡಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾವನ ಅಂಗಿಯ ಸೀಳಿದ ತೋಳನ್ನೇ ನೋಡುತ್ತಿದ್ದರು.

"ಅಪ್ಪನ್ನೇ ಕೇಳೋ" ಎಂದರು ಅತ್ತೆ, ಕೊನೆಗೆ. "ಲೆಕ್ಕ ಕೇಳು. ಲೆಕ್ಕದಲ್ಲಿ ಅವರು ಸುಳ್ಳು ಹೇಳಲ್ಲ."

ಗಂಡನಿಗೆ ಅದು ಅರ್ಥವಾಯಿತು. ಅಪ್ಪನ ತಲೆ ನೆಟ್ಟಗಿದ್ದರೆ ಮೂವತ್ತೊಂದು ಒಡೆಯಬಾರದು. "ಅಪ್ಪಾ, ಹತ್ತು ಸಾವಿರದ ಆರುನೂರ ಮೂವತ್ತೊಂದನ್ನ ಹದಿಮೂರರಿಂದ ಭಾಗಿಸಿ" ಎಂದ.

"ನಂಗೆ ಪರೀಕ್ಷೆನಾ?"

"ಪರೀಕ್ಷೆ ಅಲ್ಲ ಅಪ್ಪ. ನಂಗೆ ಬರಲ್ಲ, ಅದಕ್ಕೆ."

ಮಾವ ಕಣ್ಣು ಮುಚ್ಚಿದರು. ಹುಬ್ಬು ಅಲ್ಲಾಡತೊಡಗಿತು. ಸೊಸೆ ಯಂತ್ರದ ಅಂಚನ್ನು ಹಿಡಿದುಕೊಂಡಿದ್ದಳು. ಹತ್ತು ಉಳಿಯಿತು ಎಂದು ಅವರು ಹೇಳಿದರೆ ಅವಳು ಅಂದು ತಪ್ಪು ಅಂಕಿ ಕೊಟ್ಟು ಇಂದು ಸುಳ್ಳು ಹೇಳಿದವಳಾಗುತ್ತಾಳೆ, ಅವರು ನಾಳೆಯೂ ಈ ಯಂತ್ರದ ಮುಂದೆ ನಿಲ್ಲುತ್ತಾರೆ, ಮುಂದಿನ ಸಲ ಗುಂಡಿಯಷ್ಟೇ ಹೋಗುತ್ತದೆಂಬ ಭರವಸೆಯಿಲ್ಲ. ಅದೆಲ್ಲ ಗೊತ್ತಿದ್ದೂ ಹೇಳಲಿ ಎಂದುಕೊಂಡಳು. ಒಮ್ಮೆ ಹತ್ತು ಅನ್ನಲಿ. ತಾನು ಸುಳ್ಳಿಯಾಗಲಿ.

"ಎಂಟುನೂರ ಹದಿನೇಳು" ಎಂದರು ಮಾವ.

ಎಲ್ಲರೂ ಕಾದರು.

"ಅಷ್ಟೇನಾ ಅಪ್ಪ?"

"ಅಷ್ಟೇ." ಕಣ್ಣು ಬಿಟ್ಟು, ಮಗನ ಮುಖವನ್ನು ನೋಡಿ, ನಕ್ಕರು. "ಸರಿಯಾಗಿ ಹೋಯ್ತು. ಏನೂ ಉಳೀಲಿಲ್ಲ."

ಅತ್ತೆ ಮುಂದೆ ಬಂದು, "ಅಂಗಿ ಬಿಚ್ಚಿಕೊಡಿ, ಹೊಲಿದುಕೊಡ್ತೀನಿ" ಎಂದು ಮಾವನ ಕೈ ಹಿಡಿದು ಮೇಲೆ ಕರೆದುಕೊಂಡು ಹೋದರು. ಮೆಟ್ಟಿಲ ಮೇಲಿಂದ ಅತ್ತೆ, "ಗುಂಡಿ ಎಲ್ಲಿ ಬಿತ್ತೋ ನೋಡಿ ಇಟ್ಟಿರಿ" ಎಂದು ಕೂಗಿ ಹೇಳಿದ್ದು ಕೇಳಿಸಿತು. ಗೊಣಗ ಬಗ್ಗಿ ನೆಲದ ಮೇಲೆ ಹುಡುಕತೊಡಗಿದ.

ಗಂಡ ಹೆಂಡತಿಯ ಕಡೆ ಒಮ್ಮೆ ನೋಡಿದ. ಮೋಟಾರಿನ ಪಕ್ಕ ಮಂಡಿಯೂರಿ ಕೂತು ಬೆಲ್ಟ್ ಬಿಚ್ಚಿದ. ಸುರುಳಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅವಳ ಮೇಜಿನ ಮೇಲೆ ತಂದಿಟ್ಟ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಾವ ಏಪ್ರನ್ ಕಟ್ಟಿಕೊಂಡು ಕೆಳಗೆ ಬಂದರು. ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಂತು, ಸೊಸೆಯನ್ನು ಕರೆದು, ಬೆಲ್ಟ್ ಎಲ್ಲಿ ಎಂದು ಕೇಳಿದರು.